ನಿಮ್ಮ 17ನೇ ಅಡಿಟಿಪ್ಪಣಿ ಮತ್ತು ಕಾಳಿ ಅನ್ನೋ ನಾಯಿ

ನೋಡಮ್ಮಾ, ನಮ್ಮ ಪತ್ರಿಕೆಗೆ ನೀವು ಕಳಿಸಿದ ವೀರಗಲ್ಲಿನ ಲೇಖನ ಓದಿದೆ, ಎರಡು ಸಲ. ವಿಷಯ ಒಳ್ಳೇದು, ಭಾಷೆ ಸರಾಗವಾಗಿದೆ, ಹೇಳಿದ ದಿನಕ್ಕೆ ಕಳಿಸಿದ್ದೀರಿ, ಥ್ಯಾಂಕ್ಸ್. ಹೊಗಳೋದು ಇಲ್ಲಿಗೆ ಮುಗೀತು. ನಿನ್ನೆ ಸಾಯಂಕಾಲದಿಂದ ನಿಮ್ಮ 17ನೇ ಅಡಿಟಿಪ್ಪಣಿ ನನ್ನ ತಲೆ ತಿಂತಾ ಇದೆ, ಅದನ್ನ ಹೇಳಿ ಮುಗಿಸೋವರೆಗೆ ನಂಗೆ ಬೇರೆ ಕೆಲ್ಸ ಓಡಲ್ಲ.

ಕಾಳಿ ಅನ್ನೋ ನಾಯಿ ನೆನಪಿಗೆ ನಿಲ್ಲಿಸಿದ ಕಲ್ಲಿನ ಮೇಲಿರೋ ಆತಕೂರು ಶಾಸನಕ್ಕೆ ನೀವು ಕೊಟ್ಟಿರೋ ಆಧಾರ ಇದು: "ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 3, ಮೈಸೂರು ವಿಶ್ವವಿದ್ಯಾನಿಲಯ, 1894, ಪುಟ 212." ನೋಡೋಕೆ ಎಷ್ಟು ಲಕ್ಷಣವಾಗಿದೆ ಅಲ್ವಾ, ಸಂಪುಟ ಇದೆ, ಇಸವಿ ಇದೆ, ಪುಟಾನೂ ಇದೆ. ಆದ್ರೆ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೇ 1916ರಲ್ಲಿ. ಹುಟ್ಟೋಕೆ 22 ವರ್ಷ ಮುಂಚೆ ಅದು ಪುಸ್ತಕ ಹೆಂಗಮ್ಮಾ ಅಚ್ಚು ಹಾಕ್ತು? ಎಪಿಗ್ರಾಫಿಯಾ ಕರ್ನಾಟಿಕಾ ಅಂದ್ರೆ ನಮ್ಮ ಕಡೆಯ ಶಾಸನಗಳನ್ನ ಅಚ್ಚು ಹಾಕಿರೋ ಸಂಪುಟಗಳು. 1894ರ ಮೂರನೇ ಸಂಪುಟ ಆ ಶಾಸನಗಳನ್ನ ಸಂಗ್ರಹಿಸಿದ ಬಿ.ಎಲ್. ರೈಸ್ ಅವರದ್ದು, ಮೈಸೂರು ಜಿಲ್ಲೆಯ ಮೊದಲ ಭಾಗ, ಅದರಲ್ಲಿ ಆತಕೂರಿನ ಶಾಸನದ ನಂಬರು ಮಂಡ್ಯ 41. ವಿಶ್ವವಿದ್ಯಾನಿಲಯದವರು ಪರಿಷ್ಕೃತ ಸಂಪುಟಗಳನ್ನ ತರೋಕೆ ಶುರು ಮಾಡಿದ್ದು 1972ರಲ್ಲಿ, ಅವರ ಮೂರನೇ ಸಂಪುಟ ತೆಗೆದ್ರೆ ಸಿಗೋದು ನಂಜನಗೂಡು ಗುಂಡ್ಲುಪೇಟೆ ಕಡೆಯ ಶಾಸನಗಳು, ಮದ್ದೂರು ಮಂಡ್ಯ ಕಡೆಯವು ಬಂದಿರೋದು ಏಳರಲ್ಲಿ. ಈಗ ನಿಮ್ಮ ಟಿಪ್ಪಣಿ ಚೀಟೀಲಿ ಬರ್ಕೊಂಡು ಯಾವನೋ ಎಂ.ಎ. ಹುಡುಗ ಲೈಬ್ರರಿಗೆ ಹೋದ ಅನ್ಕೊಳ್ಳಿ, ಪ್ರಕಾಶಕರ ಹೆಸರು ನೋಡಿ ಸಂಪುಟ ತೆಗೆದ್ರೆ ಪಾಪ ಅವನು ನಂಜನಗೂಡಲ್ಲಿ ನಾಯಿ ಹುಡುಕ್ತಾ ಕೂತಿರ್ತಾನೆ.

ಇದು ಕೈತಪ್ಪು ಅಂತ ನಾನು ಒಪ್ಪಲ್ಲ. ಮನುಷ್ಯರು ತಪ್ಪು ಮಾಡಿದ್ರೆ 41ರ ಬದ್ಲು 14 ಅಂತ ಬರೀತಾರೆ. ಇಲ್ಲಿ ಎರಡು ಬೇರೆ ಬೇರೆ ಆವೃತ್ತಿಗಳನ್ನ ಒಂದೇ ಪಾತ್ರೆಗೆ ಹಾಕಿ ಕಲಸಿದ ಹಾಗಿದೆ, ಶಾಸನದ ನಂಬರೇ ಇಲ್ಲ, ಇದು ಎಐ ಮಾಡೋ ಕೆಲಸ. 18 ಮತ್ತು 19 ನೋಡಿದ ಮೇಲೆ ಇದ್ದ ಅನುಮಾನಾನೂ ಹೋಯ್ತು. ದೊಡ್ಡ ವಿದ್ವಾಂಸರೊಬ್ಬರ ಹೆಸರಲ್ಲಿ ಒಂದು ಪುಸ್ತಕ ಹೇಳಿದ್ದೀರಿ, ಅವರು ಬರೆದದ್ದೆಲ್ಲಾ ನಮ್ಮನೆ ಬೀರುವಿನಲ್ಲಿದೆ, ಆ ಪುಸ್ತಕ ಅವರು ಬರೆದೇ ಇಲ್ಲ. ಬರೆದಿದ್ರೆ ಚೆನ್ನಾಗಿರ್ತಿತ್ತು ಅನ್ಸುತ್ತೆ, ಅದು ಬೇರೆ ಮಾತು. ಚಾಟ್‌ಜಿಪಿಟಿ ಥರದ್ದನ್ನ ಸುಮ್ನೆ "ಆಧಾರ ಕೊಡು" ಅಂತ ಕೇಳಿದ್ರೆ ಅದೇನು ಬೀರು ತೆಗೆದು ನೋಡಲ್ಲಮ್ಮಾ, ಇಂಥಾ ಜಾಗದಲ್ಲಿ ಯಾವ ಪದದ ಮುಂದೆ ಯಾವ ಪದ ಬರಬಹುದು ಅಂತ ಊಹೆ ಮಾಡ್ತಾ ಹೋಗುತ್ತೆ, ಅದಕ್ಕೇ ಟಿಪ್ಪಣಿ ಟಿಪ್ಪಣಿ ಥರಾನೇ ಕಾಣುತ್ತೆ. ನ್ಯೂಯಾರ್ಕಲ್ಲಿ ಇಬ್ಬರು ವಕೀಲರು ಹಿಂಗೇ ಅದು ಹೇಳಿದ ತೀರ್ಪುಗಳನ್ನ ಕೋರ್ಟಿಗೆ ಕೊಟ್ಟು, ಅಂಥಾ ಕೇಸುಗಳೇ ಇಲ್ಲ ಅಂತ ಗೊತ್ತಾಗಿ, 2023ರಲ್ಲಿ 5,000 ಡಾಲರ್ ದಂಡ ಕಟ್ಟಬೇಕಾಯ್ತು. ನಮ್ಮ ಪತ್ರಿಕೆಗೆ ದಂಡ ಹಾಕೋ ಅಧಿಕಾರ ಇಲ್ಲ, ಇದ್ದಿದ್ರೆ ಪೋಸ್ಟೇಜ್ ಖರ್ಚಾದ್ರೂ ಹುಟ್ಟೋದು.

ಆಮೇಲೆ ಆ ರಿಪೋರ್ಟು. "ಸಾರ್, ಸಿಮಿಲಾರಿಟಿ ಶೇ 4 ಬಂದಿದೆ" ಅಂತ, ಅಂದ್ರೆ ಬೇರೆಯವರ ಬರಹದ ಜೊತೆ ಹೋಲೋದು ಅಷ್ಟೇ ಅಂತ, ಹೆಮ್ಮೆಯಿಂದ ಜೊತೆಗೆ ಲಗತ್ತಿಸಿದ್ದೀರಿ. ವಿಶ್ವವಿದ್ಯಾನಿಲಯಗಳನ್ನ ನೋಡ್ಕೊಳ್ಳೋ ಯುಜಿಸಿಯವರ 2018ರ ಕೃತಿಚೌರ್ಯದ ನಿಯಮದಲ್ಲಿ ಶೇ 10ರವರೆಗೆ ದಂಡ ಇಲ್ಲ, ನಂಗೂ ಗೊತ್ತು. ಆದ್ರೆ ಇಲ್ಲದೇ ಇರೋ ಪುಸ್ತಕ ಯಾವುದರ ಜೊತೆ ಮ್ಯಾಚ್ ಆಗ್ಬೇಕು ಹೇಳಿ? ಆ ಸಾಫ್ಟ್‌ವೇರ್ ಹಿಡಿಯೋದು ಬೇರೆಯವರ ವಾಕ್ಯ ಎತ್ತಿದವರನ್ನ. ಹುಟ್ಟಿಸಿ ಹೇಳಿದವರು ಅದರ ಕಣ್ಣಿಗೆ ಬೀಳೋದೇ ಇಲ್ಲ. ಪ್ರಾಮಾಣಿಕವಾಗಿ ಶಾಸನದ ಪಾಠ ಪೂರ್ತಿ ಕೊಟ್ಟವನಿಗೆ ಶೇ 15 ಬಂದು ಅವನು ಗೈಡ್ ಹತ್ರ ಬೈಸ್ಕೋತಾನೆ.

ಟಿಪ್ಪಣಿ ಬಿಡಿ, ಅದರ ಮೇಲಿನ ವಾಕ್ಯಕ್ಕೆ ಬನ್ನಿ. "ತನ್ನ ಯಜಮಾನನ ಪ್ರಾಣವನ್ನು ಉಳಿಸಲು ಹುಲಿಯೊಂದಿಗೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯ ನಿಷ್ಠೆಯ ಅಮರ ಗಾಥೆ." ಹುಲಿ ಎಲ್ಲಿಂದ ಬಂತು? ಹಂದಿ ಅಮ್ಮಾ, ಹಂದಿ, ದೊಡ್ಡ ಕಾಡುಹಂದಿ, ಕಲ್ಲಿನ ಮೇಲೇ ಕೆತ್ತಿದ್ದಾರೆ, ಓದೋಕೆ ಬರದವರಿಗೂ ಕಾಣುತ್ತೆ. ಯಜಮಾನನ ಪ್ರಾಣ ಉಳಿಸಿದ್ದು ಅಂತ ಶಾಸನದಲ್ಲಿ ಎಲ್ಲೂ ಇಲ್ಲ. ತಕ್ಕೋಲದ ಯುದ್ಧದಲ್ಲಿ ಚೋಳರ ಮೇಲೆ ಕಾದಿ ಗೆದ್ದು ಬಂದ ಮಣಲೇರ ಅನ್ನೋ ವೀರನಿಗೆ ಅವನ ಒಡೆಯ ಏನು ಬೇಕೋ ಕೇಳು ಅಂದಾಗ ಅವನು ಊರು ಕೇಳಲಿಲ್ಲ ಹೊನ್ನು ಕೇಳಲಿಲ್ಲ, ಕಾಳಿಯನ್ನ ಕೊಡಿ ಅಂದ. ಅದನ್ನ ತಂದು ಗುಡ್ಡದಲ್ಲಿ ಹಂದಿ ಮೇಲೆ ಬಿಟ್ಟ, ಹಂದೀನೂ ನಾಯೀನೂ ಎರಡೂ ಸತ್ತವು. ಅದಕ್ಕೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಹೊಲ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ, ಅಂದ್ರೆ ಶಿವನ ಗುಡಿಯ ಪೂಜಾರಿಗೆ, ನಾಯಿ ಮಾಡಿದ ಪಾಪ ತಟ್ಟಲಿ ಅಂತ ಬರೆಸಿದ. ನಾಯಿ ಮಾಡಿದ ಪಾಪ! ಹತ್ತನೇ ಶತಮಾನದಲ್ಲಿ ಒಬ್ಬ ಮನುಷ್ಯ ಸತ್ತ ನಾಯಿ ನೆನೆಸ್ಕೊಂಡು ಪೂಜಾರಿಗೆ ಶಾಪ ಹಾಕ್ತಾ ಇದ್ದಾನೆ, ಇಂಥಾದ್ದು ಕೈಗೆ ಸಿಕ್ಕಿರುವಾಗ ನೀವು "ನಿಷ್ಠೆಯ ಅಮರ ಗಾಥೆ" ಅಂತ ಬರೆದು ಮುಂದಕ್ಕೆ ಹೋಗಿದ್ದೀರಿ, ನಂಗೆ ಹೊಟ್ಟೆ ಉರಿಯೋದು ಅಲ್ಲಿ.

ನಾನೇನು ಸಾಚಾ ಅಲ್ಲ. ಮೂವತ್ತು ವರ್ಷದ ಹಿಂದೆ ಒಂದು ಪತ್ರಿಕೇಲಿ ಪ್ರೂಫ್ ನೋಡ್ತಾ ನಾನೂ ಒಂದು ಸಂಶೋಧನಾ ಲೇಖನ ಬರೆದೆ, ಅದರಲ್ಲಿ ಯಾರದೋ ಥೀಸಿಸ್‌ನಿಂದ ಆರು ಟಿಪ್ಪಣಿ ಹಾಗೇ ಎತ್ತಿ, ಮೂಲವನ್ನ ನಾನೇ ನೋಡಿದವನ ಥರ ಹಾಕಿದ್ದೆ. ನಮ್ಮ ಸಂಪಾದಕರು, ಬಿಳೀ ಪಂಚೆ, ನಶ್ಯದ ಡಬ್ಬಿ, ಏನೂ ಬೈಲಿಲ್ಲ. ಬನ್ನಿ ಅಂತ ಸೈಕಲ್ಲಲ್ಲಿ ಹಿಂದೆ ಕೂರಿಸ್ಕೊಂಡು ಲೈಬ್ರರಿಗೆ ಕರ್ಕೊಂಡು ಹೋಗಿ, ಪುಸ್ತಕ ತರಿಸಿ, ಪುಟ 88 ತೆಗೀರಿ ಅಂದ್ರು. ತೆಗೆದೆ. ಅಲ್ಲಿ ಇದ್ದದ್ದು ಒಂದು ಕೆರೆ ತೂಬಿನ ಲೆಕ್ಕ, ನಾನು ಬರೆದದ್ದು ಸತಿ ಕಲ್ಲಿನ ಬಗ್ಗೆ. ಥೀಸಿಸ್ ಬರೆದ ಪುಣ್ಯಾತ್ಮ 188ನ್ನ 88 ಅಂತ ಬರ್ಕೊಂಡಿದ್ದ, ಅವನ ತಪ್ಪನ್ನ ನಾನು ಹೊತ್ತಿದ್ದೆ. ಸಂಪಾದಕರು ನಶ್ಯ ಏರಿಸ್ಕೊಂಡು "ಇನ್ನೈದು ನೀವೇ ನೋಡಿ, ನಂಗೆ ಬಸ್ಸಿದೆ" ಅಂದು ಹೊರಟೇಬಿಟ್ರು, ಸೈಕಲ್ ಅಲ್ಲೇ ಬಿಟ್ಟು. ಆವತ್ತು ಲೈಬ್ರರಿ ಬಾಗಿಲು ಹಾಕೋವರೆಗೂ ಕೂತಿದ್ದೆ, ಆರರಲ್ಲಿ ಎರಡು ಮಾತ್ರ ಸರಿ ಇತ್ತು. ಬೇರೆಯವರ ಪುಸ್ತಕದಲ್ಲಿ ನೋಡಿದ್ದಾದ್ರೆ "ಇಂಥವರು ಉದ್ಧರಿಸಿದಂತೆ" ಅಂತ ಒಂದು ಮಾತು ಸೇರಿಸಿದ್ರೆ ಮುಗೀತಿತ್ತು, ಅದಕ್ಕೆ ನಂಗೆ ನಾಚಿಕೆ.

ಎಐ ಬಳಸ್ಬೇಡಿ ಅಂತ ನಾನು ಹೇಳ್ತಿಲ್ಲ, ನಮ್ಮ ಆಫೀಸಲ್ಲೂ ಕಾಗುಣಿತ ನೋಡೋಕೆ ಬಳಸ್ತೀವಿ. ರೈಸ್ ಅವರ ಇಂಗ್ಲಿಷ್ ಅರ್ಥ ಆಗದಿದ್ರೆ ಕೇಳಿ ತಿಳ್ಕೊಳ್ಳಿ, ವಾಕ್ಯ ತೊಡಕಾಗಿದ್ರೆ ಬಿಡಿಸಿಕೊಳ್ಳಿ. ಆದ್ರೆ ಯಾವುದನ್ನ, ಯಾವಾಗ, ಯಾವ ಕೆಲಸಕ್ಕೆ ಬಳಸಿದೆ ಅಂತ ಲೇಖನದ ಕೊನೇಲಿ ಎರಡು ಸಾಲು ಬರೀರಿ. ಸಹಲೇಖಕ ಅಂತ ಮಾತ್ರ ಹಾಕ್ಬೇಡಿ. ತಪ್ಪಾದಾಗ ಉತ್ತರ ಕೊಡೋಕೆ ಅದು ಬರಲ್ಲ, ನೀವೇ ಬರಬೇಕು, ಪ್ರಕಟಣೆಯ ನೀತಿ ನೋಡೋ ಕೋಪ್ ಸಂಸ್ಥೆಯವರೂ 2023ರಲ್ಲೇ ಇದನ್ನೇ ಹೇಳಿದಾರೆ. ಮತ್ತೆ ಅದು ಕೊಟ್ಟ ಒಂದೊಂದು ಟಿಪ್ಪಣೀನೂ ಪುಸ್ತಕ ತೆಗೆದು, ಪುಟ ತೆಗೆದು, ಕಣ್ಣಲ್ಲಿ ನೋಡಿದ ಮೇಲೇ ಹಾಕಿ. ಪುಸ್ತಕ ಸಿಗಲಿಲ್ವಾ, ಟಿಪ್ಪಣಿ ತೆಗೀರಿ, ಅದರ ಮೇಲೆ ನಿಂತಿರೋ ವಾಕ್ಯಾನೂ ತೆಗೀರಿ.

ಇನ್ನೊಂದು. ಒಂಬತ್ತನೇ ಪುಟದಲ್ಲಿ ನಿಮ್ಮೂರ ಕೆರೆ ಏರಿ ಮೇಲಿನ ವೀರಗಲ್ಲಿಗೆ ನಿಮ್ಮಜ್ಜಿ ಪ್ರತಿ ಶನಿವಾರ ಹರಳೆಣ್ಣೆ ಹಚ್ತಿದ್ರು, ಕರು ಹಾಕಿದ ಹಸುವಿನ ಮೊದಲ ಹಾಲು ಅಲ್ಲಿಗೇ ಹೋಗ್ತಿತ್ತು ಅಂತ ನಾಲ್ಕು ಸಾಲು ಬರೆದಿದ್ದೀರಿ. ಇಡೀ ಲೇಖನದಲ್ಲಿ ಟಿಪ್ಪಣಿ ಇಲ್ಲದ ಜಾಗ ಅದೊಂದೇ, ನಾನು ನಂಬಿದ ಜಾಗಾನೂ ಅದೊಂದೇ. ಅದಕ್ಕೆ ಆಧಾರ ಇಲ್ಲ ಅಂತ ಸಂಕೋಚ ಪಟ್ಟು ಬೇಗ ಮುಗಿಸಿದ್ದೀರಿ ಅನ್ಸುತ್ತೆ. ಇದೆಯಲ್ಲಾ! ಜಾನಪದದವರು ವಕ್ತೃಗಳ ಪಟ್ಟಿ ಅಂತ ಕೊಡ್ತಾರೆ ನೋಡಿ, ಹೇಳಿದವರ ಹೆಸರು, ವಯಸ್ಸು, ಊರು, ಕೇಳಿದ ತಾರೀಕು. ಅಜ್ಜಿ ಇದ್ದಾರಾ? ಇದ್ರೆ ಹೋಗಿ ಕೂತು, ನಿಮ್ಮ ಹೆಸರು ಹಾಕ್ತೀನಿ ಅಂತ ಕೇಳಿ ಒಪ್ಪಿಸಿ ಬರ್ಕೊಂಡು ಬನ್ನಿ, ಕಲ್ಲಿನ ಫೋಟೋ ತೆಗೀರಿ, ಎಣ್ಣೆ ಮೆತ್ತಿದ ಪಟ್ಟಿಕೇಲಿ ಅಕ್ಷರ ಏನಾದ್ರೂ ಇದ್ರೆ ತೊಳೆಯೋಕೆ ಹೋಗ್ಬೇಡಿ.

ಆತಕೂರಿನ ಕಲ್ಲು ಬೆಂಗಳೂರಿನ ಕಸ್ತೂರ್ಬಾ ರಸ್ತೆ ಮ್ಯೂಸಿಯಂನದ್ದು, ತೆರೆದಿದೆಯಾ ಅಂತ ಫೋನ್ ಮಾಡ್ಕೊಂಡು ಒಂದ್ಸಲ ಹೋಗಿ ಹಂದಿ ನೋಡಿ ಬನ್ನಿ. ತಿದ್ದಿದ್ದನ್ನ ಮುಂದಿನ ತಿಂಗಳ ಹತ್ತರೊಳಗೆ ಕಳಿಸಿದ್ರೆ ಈ ಸಂಚಿಕೇಲಿ ನಾಲ್ಕು ಪುಟ ಇಟ್ಕೊಂಡಿರ್ತೀನಿ, ರಿಪೋರ್ಟ್ ಬೇಡ.