‘ಕ್ವೈಟ್ ಗುಡ್’ಗೆ ಮೈಸೂರು ಪಾಕ್ ಹಂಚಿದವರಿಗೆ

ನಿಮ್ಮ ಪ್ರಶ್ನೆ ಓದಿ ನಗು ತಡೆಯಲಾಗಲಿಲ್ಲ. ನಕ್ಕಿದ್ದು ಹಳೆಯ ನನ್ನನ್ನೇ ನೆನೆದು, ತಪ್ಪು ತಿಳಿಯಬೇಡಿ. ಕನ್ನಡ ಮೀಡಿಯಂನಲ್ಲಿ ಓದಿ ಈಗಷ್ಟೇ ಕೆಲಸಕ್ಕೆ ಸೇರಿದ್ದೀರಿ. ನೀವು ಮಾಡಿಕೊಟ್ಟ ರಿಪೋರ್ಟ್ ನೋಡಿ ಇಂಗ್ಲೆಂಡಿನ ಕ್ಲೈಂಟ್ ‘ಕ್ವೈಟ್ ಗುಡ್’ ಎಂದು ಮೇಲ್ ಹಾಕಿದರು. ನೀವು ಖುಷಿಯಲ್ಲಿ ಟೀಮಿಗೆಲ್ಲ ಮೈಸೂರು ಪಾಕ್ ಹಂಚಿದಿರಿ, ಟೀಮ್ ಲೀಡ್ ತಿಂದು ಮುಸಿಮುಸಿ ನಕ್ಕರು. ‘ಗ್ರಾಮರ್ ಪುಸ್ತಕ ಅರೆದು ಕುಡಿದಿದ್ದೇನೆ, ಆದರೂ ಇವರ ಸ್ಲ್ಯಾಂಗು, ಕಾಮಾ, ಫುಲ್ ಸ್ಟಾಪು ಒಂದೂ ತಲೆಗೆ ಹತ್ತುತ್ತಿಲ್ಲ. ನನಗೊಬ್ಬನಿಗೇ ಹೀಗಾ?’ ಎಂದು ಕೇಳಿದ್ದೀರಿ.

ಖಂಡಿತ ಅಲ್ಲ. ನಾನು ಅರಸೀಕೆರೆ ಕಡೆಯವನು, ಎಬಿಸಿಡಿ ಕಲಿತದ್ದೇ ಐದನೇ ಕ್ಲಾಸಿನಲ್ಲಿ. ನಮ್ಮ ಮೇಷ್ಟ್ರು ಇಂಗ್ಲಿಷ್ ಪಾಠದ ಒಂದೊಂದು ವಾಕ್ಯ ಓದಿ, ‘ಅಂದ್ರೇ...’ ಎಂದು ರಾಗ ಎಳೆದು ಕನ್ನಡದಲ್ಲಿ ಅರ್ಥ ಹೇಳುತ್ತಿದ್ದರು. ‘ಅಂದ್ರೆ’ ಕೂಡ ಇಂಗ್ಲಿಷ್ ಪದವೇ ಇರಬೇಕು ಎಂದು ನನ್ನ ಪಕ್ಕ ಕೂರುತ್ತಿದ್ದವನು ತುಂಬ ದಿನ ನಂಬಿದ್ದ. ಅಂಥ ಬೆಂಚಿನಿಂದ ಎದ್ದು ಬಂದವನನ್ನು 2009ರಲ್ಲಿ ಕಂಪನಿಯವರು ಎಂಟು ತಿಂಗಳಿಗೆ ಇಂಗ್ಲೆಂಡಿನ ಲೀಡ್ಸ್‌ಗೆ ಕಳಿಸಿದರು.

ಮೊದಲನೇ ದಿನ ಆಫೀಸಿನ ಬಾಗಿಲಲ್ಲೇ ರಿಸೆಪ್ಷನ್ನಿನ ಹೆಂಗಸು ‘ಆಲ್ರೈಟ್, ಲವ್?’ ಎಂದರು. ಎದೆ ಧಸಕ್ ಎಂದಿತು. ಮದುವೆಯಾಗಿ ಆರು ತಿಂಗಳಾಗಿತ್ತು. ‘ಲವ್’ ಅನ್ನು ಕೇಳಿಸದಂತೆ ಮಾಡಿಕೊಂಡು ‘ಆಲ್ರೈಟ್?’ಗೆ ಮಾತ್ರ ಉತ್ತರ ಕೊಟ್ಟೆ: ರಾತ್ರಿ ನಿದ್ದೆ ಬಂದಿಲ್ಲ, ಚಳಿಗೆ ಮೂಗು ಕಟ್ಟಿದೆ, ಹೊಟ್ಟೆಯೂ ಅಷ್ಟಕ್ಕಷ್ಟೇ. ಅವರು ಕಣ್ಣು ಪಿಳಿಪಿಳಿ ಬಿಟ್ಟರು. ಮಾರನೇ ದಿನ ಮತ್ತೆ ಅದೇ ಪ್ರಶ್ನೆ, ನಾನು ಮೂಗು ಸ್ವಲ್ಪ ಬಿಟ್ಟಿದೆ ಎಂದು ವರದಿ ಒಪ್ಪಿಸಿದೆ. ಮೂರನೇ ದಿನವೂ ಕೇಳಿದಾಗ ಮಾತ್ರ ಗಾಬರಿಯಾಗಿ ಬಾತ್‌ರೂಮಿಗೆ ಹೋಗಿ ಕನ್ನಡಿ ನೋಡಿಕೊಂಡೆ, ಮುಖ ಅಷ್ಟು ಬಾಡಿದೆಯಾ ಅಂತ.

ಆಮೇಲೆ ಅಲ್ಲೇ ಇದ್ದ ಧಾರವಾಡದ ಸಹೋದ್ಯೋಗಿಯೊಬ್ಬರು ಬಿಡಿಸಿ ಹೇಳಿದರು: ‘ನಮ್ಮ ಕಡೆ ಊಟ ಆತೇನ್ರಿ ಅಂತಾರಲ್ಲ, ಅದು ಇದು. ಊಟಕ್ಕ ಏನ್ ಪಲ್ಯ ಇತ್ತು ಅಂತ ಯಾರರ ಹೇಳ್ತಾರೇನ್ರಿ?’ ಅಲ್ಲಿ ‘ಆಲ್ರೈಟ್?’ಗೆ ಉತ್ತರವೂ ‘ಆಲ್ರೈಟ್?’ ಎಂದೇ. ಪ್ರಶ್ನೆಗೆ ಪ್ರಶ್ನೆ, ಇಬ್ಬರೂ ಉತ್ತರಕ್ಕೆ ಕಾಯದೆ ನಡೆದುಬಿಡುತ್ತಾರೆ. ಲೀಡ್ಸ್ ಇರುವ ಯಾರ್ಕ್‌ಶೈರ್ ಕಡೆಯವರು ಬಸ್ಸಿನ ಡ್ರೈವರಿನಿಂದ ಹಿಡಿದು ತರಕಾರಿಯವಳವರೆಗೆ ಎಲ್ಲರೂ ಎಲ್ಲರಿಗೂ ‘ಲವ್’ ಅನ್ನುವವರೇ. ಮೂರು ವರ್ಷದ ಮಗನನ್ನು ‘ಬಾರಪ್ಪಾ’ ಎಂದು, ತೊಟ್ಟಿಲ ಮಗಳನ್ನು ‘ಏನಮ್ಮಾ’ ಎಂದು ಕರೆಯುವ ನಮಗೆ ಅವರನ್ನು ವಿಚಿತ್ರ ಅನ್ನುವ ಹಕ್ಕು ಎಲ್ಲಿಂದ ಬರಬೇಕು!

ಇನ್ನೊಂದು ಸಲ ಟೀಮಿನವರೊಬ್ಬರು ಸಂಜೆ ಐದೂವರೆಗೆ ಮನೆಗೆ ‘ಟೀ’ಗೆ ಕರೆದರು. ಸಸ್ಯಾಹಾರಿ ನಾನು. ಟೀ ಜೊತೆ ಎರಡು ಬಿಸ್ಕತ್ತು ಕೊಟ್ಟರೆ ಹೆಚ್ಚು ಎಂದು ಲೆಕ್ಕ ಹಾಕಿ, ರೂಮಿನಲ್ಲೇ ಅನ್ನ, ತಿಳಿಸಾರು ಮಾಡಿ ಗಡದ್ದಾಗಿ ಉಂಡು ಹೋದೆ. ಹೋಗಿ ನೋಡಿದರೆ ತಟ್ಟೆ, ಚಾಕು, ಫೋರ್ಕ್ ಜೋಡಿಸಿಟ್ಟಿದ್ದಾರೆ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಬಹಳ ಜನಕ್ಕೆ ‘ಟೀ’ ಅಂದರೆ ರಾತ್ರಿಯೂಟ, ‘ಡಿನ್ನರ್’ ಅಂದರೆ ಮಧ್ಯಾಹ್ನದ್ದು. ನನಗೋಸ್ಕರವೇ ಚೀಸ್, ಈರುಳ್ಳಿ ಹಾಕಿ ದೊಡ್ಡ ಪೈ ಮಾಡಿದ್ದರು. ತಟ್ಟೆ ಮುಂದೆ ಕೂತಮೇಲೆ ಬೇಡ ಅನ್ನುವುದುಂಟೇ? ಆ ರಾತ್ರಿ ಬಸ್‌ಸ್ಟಾಪಿನವರೆಗೆ ನಡೆದದ್ದು ನನಗೇ ಗೊತ್ತು. ನಾವು ‘ಒಂದ್ ಕಾಫಿ ಕುಡ್ಕೊಂಡ್ ಹೋಗಿ’ ಎಂದು ಕರೆದು ಕೇಸರಿಬಾತು, ಬೋಂಡ ಇಡುವುದೂ ಹೊರಗಿನವರಿಗೆ ಇಷ್ಟೇ ಗೊಂದಲ ಇರಬೇಕು.

ಈಗ ನಿಮ್ಮ ‘ಕ್ವೈಟ್ ಗುಡ್’ಗೆ ಬರೋಣ. ಅಮೆರಿಕದವರು ಬರೆದಿದ್ದರೆ ನಿಮ್ಮ ಮೈಸೂರು ಪಾಕ್ ಸಾರ್ಥಕ, ಅವರ ಬಾಯಲ್ಲಿ ‘ಕ್ವೈಟ್’ ಅಂದರೆ ಹೆಚ್ಚುಕಮ್ಮಿ ‘ತುಂಬಾ’. ಇಂಗ್ಲೆಂಡಿನವರ ಬಾಯಲ್ಲಿ ಬಹಳ ಸಲ ಅದು ‘ತಕ್ಕಮಟ್ಟಿಗೆ’ ಅಷ್ಟೇ. ‘ಅಂಥಾ ಹೇಳಿಕೊಳ್ಳೋ ಹಾಗೇನಿಲ್ಲ’ ಅನ್ನುವ ದನಿಯೂ ಅದರಲ್ಲಿ ಇದ್ದೀತು. ಅದೇ ಜನ ನಿಜವಾಗಿ ಮೆಚ್ಚಿದಾಗ ‘ನಾಟ್ ಬ್ಯಾಡ್’ ಅನ್ನುತ್ತಾರೆ! ನನಗಂತೂ ಈ ತಲೆಕೆಳಗು ಲೆಕ್ಕ ಅರ್ಥವಾಗಿದ್ದು ನನ್ನ ತಾತನಿಂದ, ಅವರಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಎಸ್ಸೆಸ್ಸೆಲ್ಸಿಯಲ್ಲಿ ನಾನು ಶಾಲೆಗೇ ಮೊದಲು ಬಂದಾಗ ತಾತ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ‘ಪರವಾಗಿಲ್ಲ ಕಣೋ’ ಎಂದಿದ್ದರು. ಅದಕ್ಕಿಂತ ದೊಡ್ಡ ಮಾತು ಅವರ ಬಾಯಿಂದ ಬಂದದ್ದು ನಾನು ಕಂಡಿಲ್ಲ. ಆದರೆ ಅದೇ ‘ಪರವಾಗಿಲ್ಲ’ವನ್ನು ಕಾಲು ತುಳಿಸಿಕೊಂಡವರೂ ಹೇಳುತ್ತಾರೆ, ಉಪ್ಪಿಲ್ಲದ ಸಾರು ಉಂಡವರೂ ಹೇಳುತ್ತಾರೆ, ಇನ್ನೊಂದು ಹೋಳಿಗೆ ಬೇಡ ಎನ್ನುವವರೂ ಹೇಳುತ್ತಾರೆ. ಇದನ್ನು ಯಾವ ವ್ಯಾಕರಣ ಪುಸ್ತಕ ಕಲಿಸೀತು? ಹೇಳಿದವರ ಮುಖ ನೋಡಿಯೇ ತಿಳಿಯಬೇಕು. ನಿಮ್ಮ ತೊಂದರೆ ಏನೆಂದರೆ, ಮೇಲ್‌ಗೆ ಮುಖ ಇರಲ್ಲ.

ಸ್ಲ್ಯಾಂಗ್ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ನೀವು ಕಲಿಯುವಷ್ಟರಲ್ಲಿ ಅದು ಹಳತಾಗಿರುತ್ತದೆ. ‘ಕರಿಸ್ಮಾ’ದ ನಡುವಿನ ತುಂಡು ಕತ್ತರಿಸಿ ಮಾಡಿಕೊಂಡ ‘ರಿಝ್’ ಎಂಬ ಪದವನ್ನು ಆಕ್ಸ್‌ಫರ್ಡ್‌ನವರು 2023ರ ವರ್ಷದ ಪದ ಎಂದು ಆರಿಸಿದರು. ಅದರ ಅರ್ಥ, ಎದುರಿನವರನ್ನು ಮರುಳು ಮಾಡುವ ಕಳೆ. ಅದನ್ನು ನಾನು ಕಷ್ಟಪಟ್ಟು ಕಲಿತು ಮಗಳ ಮುಂದೆ ಬಳಸಿದೆ. ‘ಅಪ್ಪಾ, ಪ್ಲೀಸ್’ ಎಂದು ಎದ್ದು ಹೋದಳು.

ಆದರೆ ಅವಳ ಬಾಯಲ್ಲಿ ಬಂದ ಒಂದು ಪದಕ್ಕೆ ಮಾತ್ರ ನಾನು ಮನಸೋತಿದ್ದೇನೆ. ಮಾತು ಮಾತಿಗೂ ‘ನೋ ಕ್ಯಾಪ್’ ಅನ್ನುತ್ತಿದ್ದಳು. ಯಾವ ಕ್ಯಾಪು, ಯಾಕೆ ಬೇಡ, ಬಿಸಿಲು ಬೇರೆ ಇದೆ ಎಂದು ನಾನು. ಅಮೆರಿಕದ ಕಪ್ಪು ಜನರ ಆಡುಮಾತಿನಿಂದ ಬಂದ ಪದವಂತೆ, ‘ಕ್ಯಾಪ್’ ಎಂದರೆ ಸುಳ್ಳು, ಬಡಾಯಿ. ‘ನೋ ಕ್ಯಾಪ್’ ಎಂದರೆ ದೇವರಾಣೆ ನಿಜ. ಕೇಳಿದ್ದೇ ತಡ, ನಾನು ‘ಟೋಪಿ ಹಾಕ್ತಿಲ್ಲ ಅಂತ ತಾನೇ?’ ಎಂದೆ. ಅವಳು ಬಾಯಿ ಬಿಟ್ಟು ನೋಡಿದಳು. ಆ ಟೋಪಿಗೂ ಈ ಟೋಪಿಗೂ ಸಂಬಂಧವೇನೂ ಇರಲಾರದು, ಆದರೂ ಅವತ್ತು ಮನೆಯಲ್ಲಿ ನನ್ನ ಬೆಲೆ ಸ್ವಲ್ಪ ಏರಿತು. ‘ಸಿಕ್’ ಅಂದರೆ ಸೂಪರ್ ಎನ್ನುವುದೂ ಹಾಗೆಯೇ. ಕಾಯಿಲೆಯ ಪದ ಹೊಗಳಿಕೆ ಹೇಗಾಯಿತು ಎಂದು ಕೇಳುವ ಮೊದಲು ‘ಭಯಂಕರ ರುಚಿಯಾಗಿದೆ’ ಎಂದು ನಾವು ಹೋಳಿಗೆಯನ್ನು ಹೊಗಳುವುದನ್ನು ನೆನೆಯಿರಿ. ಎಲ್ಲದಕ್ಕೂ ಇಂಥ ಸಮಾಧಾನ ಸಿಗುವುದಿಲ್ಲ ಅನ್ನಿ. ಫ್ಯಾಮಿಲಿ ಗ್ರೂಪಿನಲ್ಲಿ ಅತ್ತೆ ಹಾಕಿದ ಜೋಕಿಗೆ ಮಗಳು ತಲೆಬುರುಡೆಯ ಇಮೋಜಿ ಒತ್ತಿದಳು, ನಕ್ಕು ನಕ್ಕು ಸತ್ತೆ ಎಂಬರ್ಥದಲ್ಲಿ. ಅತ್ತೆ ಫೋನ್ ಮಾಡಿ ‘ಶುಕ್ರವಾರದ ದಿನ ಏನೇ ಇದು, ಬಿಡ್ತು ಅನ್ನು!’ ಎಂದು ಅನ್ನಿಸುವವರೆಗೂ ಬಿಡಲಿಲ್ಲ.

ಫುಲ್ ಸ್ಟಾಪ್ ಬಗ್ಗೆಯೂ ಕೇಳಿದ್ದೀರಿ. ವಾಕ್ಯ ಮುಗಿದರೆ ಚುಕ್ಕಿ ಇಡು ಎಂದು ಮೇಷ್ಟ್ರು ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ್ದರು. ಈಗ ಮಗಳು ‘ಯಾಕಪ್ಪಾ ಕೋಪ?’ ಎಂದು ಕೇಳುತ್ತಾಳೆ, ನಾನು ‘ಓಕೆ’ ಬರೆದು ಚುಕ್ಕಿ ಇಟ್ಟಿದ್ದಕ್ಕೆ. ಇದು ಅವಳೊಬ್ಬಳ ಹುಚ್ಚಲ್ಲ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 126 ವಿದ್ಯಾರ್ಥಿಗಳಿಗೆ ಚುಟುಕು ಉತ್ತರಗಳನ್ನು ಓದಿಸಿದ್ದರು. ಮೊಬೈಲ್ ಮೆಸೇಜಿನ ಕೊನೆಗೆ ಚುಕ್ಕಿ ಇದ್ದರೆ ಅದು ಮನಸ್ಸಿಟ್ಟು ಹೇಳಿದ ಮಾತಲ್ಲ ಎಂದು ಅವರಿಗೆ ಅನ್ನಿಸಿತು. ಅದೇ ಉತ್ತರ ಕೈಬರಹದ ಚೀಟಿಯಲ್ಲಿದ್ದಾಗ ಹಾಗೇನೂ ಅನ್ನಿಸಲಿಲ್ಲ. ಮೆಸೇಜಿನಲ್ಲಿ ವಾಕ್ಯ ಮುಗಿಸಲು ‘ಸೆಂಡ್’ ಒತ್ತಿದರೆ ಸಾಕಲ್ಲ, ಮೇಲಿಂದ ಚುಕ್ಕಿ ಬೇರೆ ಇಟ್ಟರೆ ಬೇಕೆಂದೇ ಬಾಗಿಲು ಹಾಕಿದಂತೆ ಕಾಣುತ್ತದೆ. ನಮ್ಮಲ್ಲಿ ಈ ಕೆಲಸಕ್ಕೆ ಚುಕ್ಕಿ ಬೇಕಿಲ್ಲ, ‘ಬಿಡು’ ಇದೆ. ‘ಸರಿ’ ಅಂದರೆ ಸರಿ. ‘ಸರಿ ಬಿಡು’ ಅಂದರೆ ಮೂರು ದಿನ ಮಾತಿಲ್ಲ.

ಕಾಮಾ ಕಥೆ ಇನ್ನೂ ಸ್ವಾರಸ್ಯ. ಅಮೆರಿಕದ ಮೇನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಎಂಬ ಹಾಲಿನ ಡೈರಿಯ ಡ್ರೈವರುಗಳು ಓವರ್‌ಟೈಮ್ ದುಡ್ಡಿಗಾಗಿ ಕೋರ್ಟಿಗೆ ಹೋದರು. ಬೇಗ ಕೆಡುವ ಆಹಾರಕ್ಕೆ ಸಂಬಂಧಪಟ್ಟ ಯಾವ್ಯಾವ ಕೆಲಸಕ್ಕೆ ಓವರ್‌ಟೈಮ್ ಇಲ್ಲ ಎಂದು ಅಲ್ಲಿನ ಕಾನೂನು ಪಟ್ಟಿ ಕೊಟ್ಟಿತ್ತು: ಡಬ್ಬಿ ತುಂಬುವುದು, ಒಣಗಿಸುವುದು, ಕೂಡಿಡುವುದು, ಹೀಗೆ ಸಾಗಿ ಕೊನೆಗೆ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’. ‘ಶಿಪ್‌ಮೆಂಟ್’ ಆದಮೇಲೆ ಕಾಮಾ ಇರಲಿಲ್ಲ. ಹಾಗಾದರೆ ಓವರ್‌ಟೈಮ್ ಇಲ್ಲದ್ದು ವಿತರಣೆಗಾಗಿ ಪ್ಯಾಕ್ ಮಾಡುವವರಿಗೋ, ವಿತರಣೆ ಮಾಡುವವರಿಗೋ? ಡ್ರೈವರುಗಳು ಹಾಲು ಹಂಚುವವರು, ಪ್ಯಾಕ್ ಮಾಡುವವರಲ್ಲ. 2017ರಲ್ಲಿ ಮೇಲ್ಮನವಿ ಕೋರ್ಟು ಡ್ರೈವರುಗಳ ಪರ ನಿಂತಿತು. ಒಂದು ಕಾಮಾ ಇಲ್ಲದ್ದಕ್ಕೆ ಈ ಮೊಕದ್ದಮೆ ಎಂದೇ ತೀರ್ಪು ಶುರುವಾಗುತ್ತದೆ. ಮರುವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು. ಅಲ್ಲಿನ ಶಾಸಕರು ಕಾನೂನು ತಿದ್ದಿದ್ದು ಹೇಗೆ ಗೊತ್ತೇ? ಕಾಮಾಗಳ ಸಹವಾಸವೇ ಬೇಡ ಎಂದು ಪಟ್ಟಿಗೆಲ್ಲ ಸೆಮಿಕೋಲನ್ ಹಾಕಿದರು.

ಆ ಕಾನೂನನ್ನು ಒಮ್ಮೆ ಕನ್ನಡದಲ್ಲಿ ಬರೆದು ನೋಡಿ. ಒಂದೋ ‘ಸಾಗಣೆಗೋ ವಿತರಣೆಗೋ ಪ್ಯಾಕ್ ಮಾಡುವುದು’ ಎನ್ನಬೇಕು, ಇಲ್ಲವೇ ‘ಸಾಗಣೆಗೆ ಪ್ಯಾಕ್ ಮಾಡುವುದು ಅಥವಾ ವಿತರಿಸುವುದು’ ಎನ್ನಬೇಕು. ಎರಡಕ್ಕೂ ಹೊಂದುವ ಹಾಗೆ ಬರೆಯಲು ತಿಣುಕಬೇಕಾಗುತ್ತದೆ. ಕ್ರಿಯೆ ಕೊನೆಗೆ ಬರುವುದರಿಂದ, ಪದದ ಬಾಲಕ್ಕೆ ಓ, ಊ, ಏ ಅಂಟುವುದರಿಂದ, ಇಂಗ್ಲಿಷು ಕಾಮಾಕ್ಕೆ ಹೊರಿಸುವ ಎಷ್ಟೋ ಭಾರವನ್ನು ನಮ್ಮಲ್ಲಿ ಪದವೇ ಹೊರುತ್ತದೆ. ಕಾಮಾ ಎಲ್ಲಿಡಬೇಕು ಎಂದು ನಿಮಗೆ ಹೊಳೆಯದಿದ್ದರೆ ಅದು ದಡ್ಡತನವಲ್ಲ. ಅದರ ಅಗತ್ಯವೇ ಅಷ್ಟಿಲ್ಲದ ಮನೆಯಲ್ಲಿ ಬೆಳೆದವರು ನೀವು.

ನಮ್ಮ ಬೆಂಗಳೂರು ಇಂಗ್ಲಿಷಿನ ‘ಓನ್ಲಿ’ ಕೂಡ ಇದೇ ಬಾಲದ ಕಥೆ. ‘ಹಿ ಓನ್ಲಿ ಟೋಲ್ಡ್’, ‘ಐ ಆಮ್ ಹಿಯರ್ ಓನ್ಲಿ’ ಎಂದು ನಾವು ಹೇಳಿದಾಗ ಲೀಡ್ಸ್‌ನವರು ತಬ್ಬಿಬ್ಬಾಗುತ್ತಿದ್ದರು. ಹೇಳಿದ್ದನ್ನು ಬಿಟ್ಟು ಅವನು ಬೇರೇನೂ ಮಾಡಲಿಲ್ಲವೇ ಎಂದು ಅವರ ಅನುಮಾನ. ನಾವು ಹೇಳಹೊರಟಿದ್ದು ‘ಅವನೇ ಹೇಳಿದ’, ‘ಇಲ್ಲೇ ಇದ್ದೀನಿ’. ಆ ‘ಏ’ಗೆ ಇಂಗ್ಲಿಷಿನಲ್ಲಿ ಕೂರಲು ಜಾಗವಿಲ್ಲ, ಅವರು ದನಿ ಏರಿಸಿ ಒತ್ತಿ ಹೇಳುತ್ತಾರೆ. ದನಿ ಏರಿಸುವುದು ನಮಗೆ ಜಗಳದ ಲಕ್ಷಣ, ಹಾಗಾಗಿ ಒಂದು ‘ಓನ್ಲಿ’ ತಂದು ಬಾಲಕ್ಕೆ ಕಟ್ಟಿದೆವು. ‘ಸುಮ್ನೆ ಬಂದೆ’ ಅನ್ನುವುದು ‘ಸಿಂಪ್ಲಿ ಐ ಕೇಮ್’ ಆಯಿತು. ಕ್ಲೈಂಟ್ ಮೇಲ್‌ನಲ್ಲಿ ಇವು ಬೇಡ. ಮೀಟಿಂಗನ್ನು ಮುಂಚಿತವಾಗಿ ಇಡುವುದಕ್ಕೆ ‘ಪ್ರಿಪೋನ್’ ಅನ್ನುವುದೂ ಬೇಡ, ನಮ್ಮ ದೇಶ ದಾಟಿದರೆ ಬಹಳ ಜನಕ್ಕೆ ಅರ್ಥವಾಗುವುದಿಲ್ಲ. ಮನೆಯಲ್ಲಿ, ಕ್ಯಾಂಟೀನಿನಲ್ಲಿ ಧಾರಾಳವಾಗಿ ಬಳಸಿ.

ಅಪಾಸ್ಟ್ರಫಿ, ಅಂದರೆ ಅಕ್ಷರದ ತಲೆಯ ಪಕ್ಕ ಹಾಕುವ ಪುಟ್ಟ ಕೊಕ್ಕೆಯ ಬಗ್ಗೆ ನಾನು ಉಪದೇಶ ಮಾಡಲಾರೆ. ‘ಇಟ್ಸ್’ ಬಂದಾಗ ‘ಇಟ್ ಈಸ್’ ಎಂದು ಬಿಡಿಸಿ ಓದಿದರೆ ಅರ್ಥ ಕೂಡುತ್ತದೆಯಾ ನೋಡಿ, ಕೂಡಿದರೆ ಆ ಕೊಕ್ಕೆ ಹಾಕಿ, ‘ಅದರ’ ಎಂಬರ್ಥ ಬಂದರೆ ಹಾಕಬೇಡಿ. ನನಗೆ ಬರುವುದು ಇಷ್ಟೇ. ಅಲ್ಲಿನ ತರಕಾರಿ ಅಂಗಡಿಯವರೇ ಬಹುವಚನಕ್ಕೆಲ್ಲ ಕೊಕ್ಕೆ ಹಾಕಿ ಹಾಕಿ, ಆ ತಪ್ಪಿಗೆ ‘ತರಕಾರಿಯವರ ಅಪಾಸ್ಟ್ರಫಿ’ ಎಂದೇ ಹೆಸರು ಬಿದ್ದಿದೆ. ಜಾನ್ ರಿಚರ್ಡ್ಸ್ ಎಂಬ ನಿವೃತ್ತ ಪತ್ರಕರ್ತರು 2001ರಲ್ಲಿ ಅಪಾಸ್ಟ್ರಫಿ ರಕ್ಷಣೆಗೆಂದೇ ಒಂದು ಸಂಘ ಕಟ್ಟಿದರು. 2019ರಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ, ಜನರ ಅಜ್ಞಾನ ಮತ್ತು ಸೋಮಾರಿತನ ಗೆದ್ದವು ಎಂದು ಹೇಳಿ ಅದನ್ನು ಮುಚ್ಚಿದರು. ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವರ ಪಾಡು ಇದು.

ಟೀಮ್ ಲೀಡ್ ನಕ್ಕಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಮೈಸೂರು ಪಾಕ್ ತಿಂದಿದ್ದಾರಲ್ಲ. ಆ ಕ್ಲೈಂಟ್‌ಗೆ ಒಂದು ಸಾಲು ಬರೆದು, ರಿಪೋರ್ಟಿನಲ್ಲಿ ಏನೇನು ಬದಲಾಯಿಸಬೇಕು ಎಂದು ನೇರವಾಗಿ ಕೇಳಿಬಿಡಿ. ‘ಕ್ವೈಟ್ ಗುಡ್’ ಎಂದ ಇಂಗ್ಲೆಂಡಿನವರ ಹತ್ತಿರ ಹೇಳಲು ಏನೋ ಒಂದು ಇದ್ದೇ ಇರುತ್ತದೆ, ಕೇಳಿದರೆ ಮಾತ್ರ ಹೊರಗೆ ಬರುತ್ತದೆ. ತಿದ್ದಿ ಕಳಿಸಿದ ಮೇಲೆ ‘ನಾಟ್ ಬ್ಯಾಡ್ ಅಟ್ ಆಲ್’ ಎಂದು ಬಂದರೆ, ಈ ಸಲ ಅರ್ಧ ಕೆಜಿಯೇ ತನ್ನಿ.