ಪೀಟಿ ಮೇಡಂಗೆ ಕೇಳಿ: ಗೆಲ್ಲುವುದಕ್ಕೆ ಮುಂಚಿನ ಖರ್ಚು

(31 ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದ, ಕಾಲೇಜು ದಿನಗಳಲ್ಲಿ ವಿಶ್ವವಿದ್ಯಾಲಯದ ತಂಡದಲ್ಲಿ ಖೋಖೋ ಆಡಿದ್ದ ನಮ್ಮ ‘ಪೀಟಿ ಮೇಡಂ’ ಆಟೋಟದ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಮೇಡಂ, ನನ್ನ ಮಗಳು ಎಂಟನೇ ಕ್ಲಾಸು. ಖೋಖೋದಲ್ಲಿ ಜಿಲ್ಲಾ ಮಟ್ಟಕ್ಕೆ ಹೋಗಿ ಬಂದಳು. ನಮಗಿರುವುದು ಒಂದೂವರೆ ಎಕರೆ, ಎರಡು ಹಸು. ‘ಕಪ್ ತಂದರೆ ಹೊಟ್ಟೆ ತುಂಬುತ್ತಾ? ಕ್ರಿಕೆಟ್ ಆಗಿದ್ರೆ ಬೇರೆ ಮಾತು’ ಅಂತಾರೆ ಯಜಮಾನರು. ಅವರು ಹೇಳೋದೂ ಸರಿ ಅನಿಸುತ್ತೆ. ಮಗಳ ಮುಖ ನೋಡಿದರೆ ಬಾಯಿ ಬರಲ್ಲ. ಏನು ಮಾಡಲಿ?
— ಒಬ್ಬ ತಾಯಿ, ಮಂಡ್ಯ ಜಿಲ್ಲೆ

ಉತ್ತರ: ತಾಯಿ, ನಿಮ್ಮ ಯಜಮಾನರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಅಪ್ಪನೂ ಇದನ್ನೇ ಹೇಳಿದ್ದರು. ನಾನು ಗೆದ್ದು ತಂದ ಸ್ಟೀಲ್ ತಟ್ಟೆಯಲ್ಲೇ ಅವರು ಕೊನೆಯವರೆಗೂ ಊಟ ಮಾಡಿದರು, ಅದು ಬೇರೆ ವಿಷಯ.

ಮೊದಲು ಕ್ರಿಕೆಟ್ಟಿನ ಲೆಕ್ಕ ಮುಗಿಸಿಬಿಡೋಣ. ಐಪಿಎಲ್‌ನಲ್ಲಿ 10 ತಂಡ. ಒಂದು ತಂಡಕ್ಕೆ ಜಾಸ್ತಿ ಅಂದರೆ 25 ಜನ. ಇಡೀ ದೇಶಕ್ಕೆ 250 ಜಾಗ. ಅದರಲ್ಲೂ ತಂಡಕ್ಕೆ 8 ಜನ ಹೊರದೇಶದವರು ಇರಬಹುದು. ಉಳಿದ ಜಾಗಕ್ಕೆ ನಮ್ಮ ಪ್ರತಿ ಊರಿನ ಪ್ರತಿ ಬಯಲಿನಲ್ಲೂ ಬ್ಯಾಟು ಹಿಡಿದವರು ಕಾಯುತ್ತಿದ್ದಾರೆ. ಟೀವಿಯಲ್ಲಿ ಹರಾಜು ನೋಡಿದವರಿಗೆ ಈ ಸಾಲು ಕಾಣುವುದಿಲ್ಲ.

ಈಗ ಖೋಖೋ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ನಮ್ಮ ಹುಡುಗಿಯರು ನೇಪಾಳವನ್ನು 78–40ರಿಂದ ಸೋಲಿಸಿದರು, ಹುಡುಗರು 54–36ರಿಂದ. ಗೆದ್ದ ತಂಡಗಳಲ್ಲಿ ನಮ್ಮ ಕಡೆಯವರು ಇಬ್ಬರಿದ್ದರು: ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ, ನಿಮ್ಮದೇ ಮಂಡ್ಯದ ಎಂ.ಕೆ. ಗೌತಮ್. ಆ ರಾತ್ರಿ ನಾನು ಒಬ್ಬಳೇ ಟೀವಿ ಮುಂದೆ ನಿಂತು ಶಿಳ್ಳೆ ಹೊಡೆದೆ. ಪಕ್ಕದ ಮನೆಯವರು ಗ್ಯಾಸ್ ಸೋರುತ್ತಿದೆಯಾ ಅಂತ ಬಂದು ಕೇಳಿದರು.

ನಮ್ಮ ಸರ್ಕಾರ ಇಬ್ಬರಿಗೂ ತಲಾ 5 ಲಕ್ಷ ಎಂದಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ಎಂದಿತು. ಇವರಿಬ್ಬರೂ ಆ 5 ಲಕ್ಷ ಬೇಡ ಅಂದರು. ನಮ್ಮ ಬೀದಿಯಲ್ಲಿ ಒಬ್ಬರು ‘ಎಷ್ಟು ಕೊಟ್ಟರೂ ಸಾಲದು ಇವರಿಗೆ’ ಅಂದಾಗ ನನಗೆ ಮೈ ಉರಿಯಿತು. ನನ್ನ ಪ್ರಕಾರ ಅವರು ಬೇಡ ಅಂದದ್ದೇ ಸರಿ. ಆದರೆ ನನ್ನ ಸಂಕಟ ಇನ್ನೊಂದಿದೆ. 5 ಲಕ್ಷವಾಗಲಿ, 2 ಕೋಟಿಯಾಗಲಿ, ಅದು ಬರುವುದು ವಿಶ್ವಕಪ್ ಗೆದ್ದ ಮೇಲೆ. ನಿಮ್ಮ ಮಗಳಿಗೆ ಒಂದು ಲೋಟ ಹಾಲು ಬೇಕಾಗಿರುವುದು ಇವತ್ತು ಸಂಜೆ. ಮಧ್ಯದ ಹತ್ತು ವರ್ಷದ ಖರ್ಚು ಯಾರದ್ದು? ಮನೆಯವರದ್ದು. ಅದರಲ್ಲೂ ಅಮ್ಮಂದಿರ ಸೆರಗಿನ ಗಂಟಿನದ್ದು.

ನಾನು ಕೆಲಸದಲ್ಲಿದ್ದಾಗ ಒಂದು ನೋಟ್‌ಬುಕ್ ಇಟ್ಟಿದ್ದೆ. ಯಾವ ಹುಡುಗಿ ಯಾಕೆ ಆಟ ಬಿಟ್ಟಳು ಅಂತ ಒಂದೊಂದು ಸಾಲು. ‘ಮದುವೆ’ ಅಂತಲೇ ಜಾಸ್ತಿ ಇರುತ್ತೆ ಅಂದುಕೊಂಡಿದ್ದೆ. ನಿವೃತ್ತಿಯಾದ ಮೇಲೆ ತಿರುವಿ ಹಾಕಿದರೆ ‘ಕೊನೇ ಬಸ್ಸು’ ಅನ್ನುವುದೇ ಜಾಸ್ತಿ! ಸಂಜೆ ಆರಕ್ಕೆ ಅಭ್ಯಾಸ ಮುಗಿಯುತ್ತೆ, ಐದೂ ಮುಕ್ಕಾಲಿಗೆ ಕೊನೇ ಬಸ್ಸು ಹೋಗಿರುತ್ತೆ. ಇಷ್ಟೇ ಕಥೆ. ಇಷ್ಟಕ್ಕೇ ಎಷ್ಟು ಒಳ್ಳೆಯ ಓಟಗಾರ್ತಿಯರು ಮನೆ ಸೇರಿದರು!

2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಅದನ್ನು ಯಾರು ಏನಾದರೂ ಅನ್ನಲಿ, ನಮ್ಮ ಊರಿನ ಮೈದಾನಕ್ಕೆ ಪಕ್ಕದ ಹಳ್ಳಿಗಳಿಂದ ಹುಡುಗಿಯರು ಬರುವುದು ಶುರುವಾದದ್ದನ್ನು ನಾನು ಕಣ್ಣಾರೆ ಕಂಡೆ. ಆದರೆ ಬಸ್ಸಿನ ಟೈಮು ಬದಲಾಗಲಿಲ್ಲ. ಹಾಗಾಗಿ ನಿಮಗೆ ಮೊದಲ ಸಲಹೆ: ಶಾಲೆಗೆ ಹೋಗಿ, ಅಭ್ಯಾಸವನ್ನು ಬೆಳಗ್ಗೆಗೆ ಇಡಲು ಕೇಳಿ. ಒಬ್ಬರೇ ಹೋಗಬೇಡಿ, ತಂಡದ ನಾಲ್ಕು ಅಮ್ಮಂದಿರು ಒಟ್ಟಿಗೆ ಹೋಗಿ.

ಎರಡನೆಯದು, ಹಸು ಮಾರಿ ಅಕಾಡೆಮಿಗೆ ಸೇರಿಸಬೇಡಿ. ಶಾಲೆಯಲ್ಲಿ ಕೊಡುವ ಮೊಟ್ಟೆ, ಮನೆಯ ಹಾಲು, ಮುದ್ದೆ, ಹುರುಳಿಕಾಳು ಸದ್ಯಕ್ಕೆ ಸಾಕು. ರಾಜ್ಯದ ಕ್ರೀಡಾ ಇಲಾಖೆಯ ಹಾಸ್ಟೆಲ್‌ಗಳಿಗೆ ಆಯ್ಕೆ ನಡೆಯುತ್ತದೆ. ಊಟ, ವಸತಿ, ತರಬೇತಿಗೆ ದುಡ್ಡಿಲ್ಲ. ಜಿಲ್ಲಾ ಕ್ರೀಡಾ ಕಚೇರಿಯಲ್ಲಿ ವಿಚಾರಿಸಿ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದ ಮಕ್ಕಳಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿಗೆ ಬರುತ್ತದೆ. ಸಿಕ್ಕೇ ಸಿಗುತ್ತೆ ಅಂತ ಹೇಳಲಾರೆ, ಕೇಳದಿದ್ದರೆ ಮಾತ್ರ ಸಿಗುವುದೇ ಇಲ್ಲ.

ಶೂ ವಿಷಯ. ಮಣ್ಣಿನಲ್ಲಿ ಬರಿಗಾಲಲ್ಲಿ ಆಡಲಿ. ದೊಡ್ಡ ಪಂದ್ಯಗಳೆಲ್ಲ ಈಗ ಮ್ಯಾಟ್ ಮೇಲೆ. ಅಲ್ಲಿ ಶೂ ಬೇಕು. ಬರಿಗಾಲು ಜಾರಿ ಅಭ್ಯಾಸವಾದ ಹುಡುಗಿಗೆ ಮ್ಯಾಟ್ ಮೇಲೆ ಶೂ ಗಪ್ಪನೆ ಹಿಡಿದುಕೊಳ್ಳುತ್ತೆ, ಮೇಲಿನ ಮೈ ತಿರುಗುತ್ತೆ, ಪೆಟ್ಟು ಮಂಡಿಗೆ. ಪಂದ್ಯಕ್ಕೆ ಒಂದು ವಾರ ಮುಂಚೆಯಾದರೂ ಮ್ಯಾಟ್ ಮೇಲೆ ಓಡಿಸಿ ಅಂತ ಮೇಷ್ಟ್ರಿಗೆ ಹೇಳಿ.

ಯಜಮಾನರಿಗೆ ಈ ಪತ್ರ ಓದಿ ಹೇಳಿ. ತಟ್ಟೆಯ ವಿಷಯ ಬಿಡಬೇಡಿ.

ಪ್ರಶ್ನೆ: ಮೇಡಂ, ನನಗೆ 17 ವರ್ಷ. 1500 ಮೀಟರ್ ಓಡುತ್ತೇನೆ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಕೋಚ್ ಸಾರ್‌ಗೆ ಸೀನಿಯರ್ ಅಕ್ಕನ ಕೈಲಿ ಹೇಳಿಸಿದೆ. ‘ಒಳ್ಳೇದೇ ಆಯ್ತು, ಬಾಡಿ ಫಿಟ್ ಆಗಿದೆ, ಇನ್ನೆರಡು ಕೆಜಿ ಇಳಿಸು’ ಅಂದರಂತೆ. ಒಂದು ತಿಂಗಳಿಂದ ಮಂಡಿಯ ಕೆಳಗೆ ಮುಂದಿನ ಮೂಳೆ ನೋಯುತ್ತೆ.
— ಹೆಸರು ಬೇಡ

ಉತ್ತರ: ಪುಟ್ಟಿ, ಮೊದಲು ಒಂದು ಶಭಾಷ್. ನಮ್ಮ ಕಾಲದಲ್ಲಿ ಇದನ್ನು ಪತ್ರದಲ್ಲಿ ಬರೆಯುವುದು ಹೇಗೆ? ಕಾರ್ಡಿನಲ್ಲಿ ಬರೆದರೆ ಪೋಸ್ಟ್‌ಮ್ಯಾನ್ ಓದುತ್ತಿದ್ದ.

ನಿನ್ನ ಕೋಚ್ ಹೇಳಿದ್ದು ತಪ್ಪು. ನೀನು ತಿನ್ನುವುದು ನಿನ್ನ ಓಟಕ್ಕೇ ಖರ್ಚಾಗಿ ಹೋಗುತ್ತಿರಬಹುದು. ಒಲೆಗೆ ಸೌದೆ ಸಾಲದಿದ್ದರೆ ಅಮ್ಮ ಏನು ಮಾಡುತ್ತಾರೆ? ಅನ್ನಕ್ಕೆ ಇಟ್ಟು, ಸ್ನಾನದ ನೀರು ಬಿಡುತ್ತಾರೆ. ಮೈಯೂ ಹಾಗೇ. ಉಸಿರು, ಎದೆಬಡಿತ ನಡೆಸಿಕೊಂಡು ಮುಟ್ಟನ್ನು ನಿಲ್ಲಿಸಿಬಿಡುತ್ತದೆ. ಮುಟ್ಟಿನ ಜೊತೆಗೆ ಮೂಳೆ ಗಟ್ಟಿ ಮಾಡುವ ಹಾರ್ಮೋನೂ ಕಮ್ಮಿಯಾಗುತ್ತದೆ. ಆಗ ಮೂಳೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಡಬಹುದು. ಇದಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ‘ರೆಡ್-ಎಸ್’ ಅಂತ ಒಂದು ಹೆಸರು ಕೊಟ್ಟಿದೆ. ಗಂಡುಮಕ್ಕಳಿಗೂ ಬರುತ್ತೆ, ಅವರಲ್ಲಿ ಮುಟ್ಟಿನಂಥ ಗುರುತು ಇಲ್ಲದ್ದರಿಂದ ತಿಳಿಯುವುದು ತಡ.

ಈ ವಾರವೇ ಅಮ್ಮನ ಜೊತೆ ಹೆಣ್ಣುಮಕ್ಕಳ ಡಾಕ್ಟರ ಹತ್ತಿರ ಹೋಗು. ಮೂರು ತಿಂಗಳು ದಾಟಿದ ಮೇಲೆ ಕಾಯಬಾರದು. ಬೇರೆ ಕಾರಣವೂ ಇರಬಹುದು, ಥೈರಾಯ್ಡ್ ಇರಬಹುದು, ಪರೀಕ್ಷೆ ಮಾಡಿ ಹೇಳುತ್ತಾರೆ. ಹಿಮೋಗ್ಲೋಬಿನ್ ನೋಡಿಸು. ಮೆಡಿಕಲ್ ಶಾಪಿನಿಂದ ಮುಟ್ಟಾಗುವ ಮಾತ್ರೆ ನೀನೇ ತಂದು ನುಂಗಬೇಡ. ಕಾಲು ನೋವನ್ನೂ ಹೇಳು. ಅಲ್ಲಿಯವರೆಗೆ ಓಟ ನಿಲ್ಲಿಸು. ಇಂಥ ಬಿರುಕು ಶುರುವಿನಲ್ಲಿ ಎಕ್ಸ್-ರೇಯಲ್ಲಿ ಕಾಣದೇ ಇರಬಹುದು, ‘ಎಕ್ಸ್-ರೇ ಚೆನ್ನಾಗಿದೆ, ಓಡು’ ಅಂತ ಯಾರಾದರೂ ಅಂದರೆ ಇದನ್ನು ನೆನಪಿಟ್ಟುಕೋ.

ಇನ್ನೆರಡು ಕೆಜಿ ಇಳಿಸುವ ಮಾತು ಬಿಡು. ಡಾಕ್ಟರು ಓಡಬಹುದು ಅಂದ ಮೇಲೆ, ಓಡಿ ಬಂದ ಅರ್ಧ ಗಂಟೆಯೊಳಗೆ ಬಾಳೆಹಣ್ಣು, ಕಡಲೆಬೀಜ, ಬೆಲ್ಲ. ಆಮೇಲೆ ಹೊಟ್ಟೆ ತುಂಬ ಊಟ. ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಅಮ್ಮನೇ ಹೋಗಿ ಕೋಚ್ ಕೈಗೆ ಕೊಡಲಿ. ಅದಕ್ಕೂ ಅವರು ನಕ್ಕರೆ, ಕೋಚ್ ಬದಲಾಯಿಸು.

ಪ್ರಶ್ನೆ: ಮಗನಿಗೆ 15. ಹದಿಮೂರು ಅಂತ ಜನನ ಪ್ರಮಾಣಪತ್ರ ಮಾಡಿಸಿದರೆ ಕೆಳಗಿನ ವಿಭಾಗದಲ್ಲಿ ಸುಲಭವಾಗಿ ಆಯ್ಕೆ ಆಗುತ್ತಾನೆ, ಎಲ್ಲರೂ ಮಾಡ್ತಾರೆ ಅಂತ ಒಬ್ಬರು ಹೇಳಿದರು. ನಿಮ್ಮ ಅಭಿಪ್ರಾಯ?
— ಒಬ್ಬ ತಂದೆ

ಉತ್ತರ: ಬೇಡ ಸಾರ್.

ಈಗ ಎಡಗೈ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ಸಿಕ್ಕಿಬಿದ್ದರೆ ಕ್ರಿಕೆಟ್ ಮಂಡಳಿಯ ಶಿಕ್ಷೆ 2 ವರ್ಷ ನಿಷೇಧ. ಆದರೆ ಭಯ ಹುಟ್ಟಿಸಿ ನಿಲ್ಲಿಸುವುದು ನನಗಿಷ್ಟವಿಲ್ಲ. ನನ್ನದೇ ಒಂದು ತಪ್ಪು ಹೇಳುತ್ತೇನೆ. 1998ರಲ್ಲಿ ತಾಲ್ಲೂಕು ಪಂದ್ಯಕ್ಕೆ ಒಬ್ಬ ಹುಡುಗನ ವಯಸ್ಸು ಕಮ್ಮಿ ಬರೆದುಕೊಂಡು ಬಂದರು. ಗೊತ್ತಿದ್ದೂ ಸಹಿ ಹಾಕಿದೆ. ಕಪ್ ಬಂತು. ಎದುರು ತಂಡದಲ್ಲಿ ಒಬ್ಬ ಮೂಳೆಚಕ್ಕಳದ ಹುಡುಗ, ನಮ್ಮವನು ಬಡಿದ ರಭಸಕ್ಕೆ ಮಣ್ಣು ಕಚ್ಚಿ ಬಿದ್ದ. ಎದ್ದು ಚಡ್ಡಿ ಕೊಡವಿಕೊಂಡು ಮತ್ತೆ ಓಡಿದ. ಮುಂದಿನ ವರ್ಷ ಅವನು ತಂಡದಲ್ಲಿ ಇರಲಿಲ್ಲ. ಅವನ ಮೇಷ್ಟ್ರನ್ನು ಕೇಳಿದೆ, ‘ಆಟ ಬೇಡ ಅಂತಾನೆ ಮೇಡಂ’ ಅಂದರು.

ನಮ್ಮ ಹುಡುಗನಿಗೂ ಒಳ್ಳೆಯದಾಗಲಿಲ್ಲ. ಹದಿನೆಂಟಕ್ಕೆ ಬೇರೆ ಹುಡುಗರೆಲ್ಲ ಅವನಷ್ಟೇ ಎತ್ತರವಾದರು. ಮೈಬಲ ಬಿಟ್ಟು ಅವನಿಗೆ ಏನೂ ಗೊತ್ತಿರಲಿಲ್ಲ. ಪೊಲೀಸ್ ಕೆಲಸಕ್ಕೆ ಹೋದಾಗ ಆಟದ ಸರ್ಟಿಫಿಕೇಟಿನಲ್ಲಿ ಒಂದು ತಾರೀಖು, ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನ್ನೊಂದು. ಆ ಕಾಗದದಲ್ಲಿ ನನ್ನ ಸಹಿ ಇತ್ತು.

ಪ್ರಶ್ನೆ: 22 ವರ್ಷ. ಕಬಡ್ಡಿ ರೈಡರ್. ಕಾಲೇಜಿಗೆ ಸೀಟು ಸಿಕ್ಕಿದ್ದೂ ಕಬಡ್ಡಿಯಿಂದ. ಮಂಡಿಯ ಲಿಗಮೆಂಟ್ ಹರಿದು ಆಪರೇಷನ್ ಆಗಿ ಎಂಟು ತಿಂಗಳು. ಪ್ರೋ ಕಬಡ್ಡಿ ಹರಾಜಿನ ದಿನ ಟೀವಿ ಆಫ್ ಮಾಡಿ ಮಲಗಿದ್ದೆ. ತಂಡದವರು ಫೋನ್ ಮಾಡಲ್ಲ. ಬೆಳಗ್ಗೆ ಏಳೋದೇ ಯಾಕೆ ಅನಿಸುತ್ತೆ.
— ಓದುಗ, ದಾವಣಗೆರೆ

ಉತ್ತರ: ತಮ್ಮಾ, ಕೊನೆಯ ಸಾಲಿಗೆ ಮೊದಲು ಉತ್ತರ. 14416ಕ್ಕೆ ಫೋನ್ ಮಾಡು. ಟೆಲಿ-ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ರಾತ್ರಿ ಎರಡಕ್ಕೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮಂಡಿಗೆ ಡಾಕ್ಟರ ಹತ್ತಿರ ಹೋದ ಹಾಗೇ ಇದೂ. ಸಾಯುವ ಯೋಚನೆ ಬಂದರೆ ಒಬ್ಬನೇ ಕೂರಬೇಡ, ಮನೆಯಲ್ಲಿ ಯಾರನ್ನಾದರೂ ಎಬ್ಬಿಸು. ನಮ್ಮ ರಾಬಿನ್ ಉತ್ತಪ್ಪ 2007ರ ಟಿ20 ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು. ಆಮೇಲೆ 2009ರಿಂದ ಸುಮಾರು ಎರಡು ವರ್ಷ ಸಾವಿನ ಯೋಚನೆಗಳ ಜೊತೆ ಗುದ್ದಾಡಿದ್ದನ್ನು ಅವರೇ ಎಲ್ಲರೆದುರು ಹೇಳಿಕೊಂಡಿದ್ದಾರೆ. ಸಹಾಯ ಪಡೆದು ಹೊರಬಂದರು, ಆಮೇಲೆ ಮತ್ತೆ ಆಡಿದರು.

ತಂಡದವರು ಫೋನ್ ಮಾಡದಿರುವುದು ಕೆಟ್ಟತನ ಅಂದುಕೊಳ್ಳಬೇಡ. ಗಾಯಗೊಂಡವನನ್ನು ಕಂಡರೆ ಆಡುವವರಿಗೆ ಭಯ, ನಾಳೆ ನಾನೇ ಅಲ್ವಾ ಅಂತ. ನೀನೇ ಒಬ್ಬನಿಗೆ ಮಾಡು. ಕಬಡ್ಡಿ ಬಿಟ್ಟು ಬೇರೆ ಏನಾದರೂ ಮಾತಾಡು.

ಮಂಡಿ ವಿಷಯದಲ್ಲಿ ಅವಸರ ಬೇಡ. ಎಂಟು ತಿಂಗಳು ಅಂದರೆ ಕಾಯುವ ಕಾಲವೇ. ಫಿಸಿಯೋ ‘ಎರಡೂ ಕಾಲಿನ ಬಲ ಸಮ ಬಂತು’ ಅನ್ನುವವರೆಗೆ ರೈಡ್‌ಗೆ ಇಳಿಯಬೇಡ. ನಿನ್ನಂಥವರಿಗೆ ಆಪರೇಷನ್ ಖರ್ಚನ್ನು ಆಡಿಸಿದವರೇ ಕೊಡಬೇಕಿತ್ತು. ಸೀಟು ಕೊಟ್ಟು ಆಡಿಸಿಕೊಂಡ ಕಾಲೇಜುಗಳು ವಿಮೆ ಮಾಡಿಸದೆ ಕೈತೊಳೆದುಕೊಳ್ಳುವುದನ್ನು ನೋಡಿದರೆ ನನಗೆ ಈಗಲೂ ಹೊಟ್ಟೆಯಲ್ಲಿ ಕುದಿಯುತ್ತೆ. ಕಾಲೇಜಿಗೆ ಬಿಲ್ಲುಗಳ ಜೊತೆ ಒಂದು ಅರ್ಜಿ ಕೊಡು. ಅವರು ದುಡ್ಡು ಕೊಡದಿದ್ದರೂ ಪರವಾಗಿಲ್ಲ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಾ.

ಡಿಗ್ರಿ ಮುಗಿಸು. ಆಮೇಲೆ ಪೀಟಿ ಮೇಷ್ಟ್ರಾಗಲು ಎರಡು ವರ್ಷದ ಬಿ.ಪಿ.ಎಡ್. ಇದೆ, ಕೋಚ್ ಆಗಲು ಎನ್‌ಐಎಸ್ ಡಿಪ್ಲೊಮಾ ಇದೆ, ರೆಫ್ರಿ ಪರೀಕ್ಷೆ ಇದೆ. ಆಡುವುದನ್ನು ಬಿಡು ಅಂತ ಹೇಳುತ್ತಿಲ್ಲ. ಈ ಸಂಜೆ ಹತ್ತಿರದ ಶಾಲೆಯ ಮೈದಾನಕ್ಕೆ ಹೋಗಿ ಹುಡುಗರಿಗೆ ಬೋನಸ್ ಗೆರೆ ದಾಟುವಾಗ ಹಿಂಗಾಲು ಎಲ್ಲಿರಬೇಕು ಅಂತ ತೋರಿಸು. ಅದಕ್ಕೆ ನಿನ್ನ ಮಂಡಿ ಬೇಡ.

ಪ್ರಶ್ನೆ: ಖೋಖೋ ಒಲಿಂಪಿಕ್ಸ್‌ಗೆ ಬರುತ್ತಾ ಮಿಸ್?
— 6ನೇ ತರಗತಿ ವಿದ್ಯಾರ್ಥಿನಿ

ಉತ್ತರ: ಬರಲಿ ಅಂತ ನಿನ್ನಷ್ಟೇ ನನಗೂ ಆಸೆ ಕಂದಾ. ಆದರೆ ದೊಡ್ಡ ಕ್ರೀಡಾಕೂಟ ನಡೆಸುವವರಿಗೇ ಈಗ ದುಡ್ಡಿನ ಚಿಂತೆ. 2026ರ ಕಾಮನ್‌ವೆಲ್ತ್ ಕೂಟವನ್ನು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಖರ್ಚು ಜಾಸ್ತಿ ಅಂತ ಕೈಬಿಟ್ಟಿತು. ಅದು ಗ್ಲಾಸ್ಗೋಗೆ ಹೋಯಿತು, ಆಟಗಳು 10ಕ್ಕೆ ಇಳಿದವು. ಹಾಕಿಯೇ ಹೊರಗೆ! ಇಂಥಾದ್ದರಲ್ಲಿ ಹೊಸ ಆಟಕ್ಕೆ ಜಾಗ ಸಿಗುವುದು ಕಷ್ಟ. 2030ರ ಕಾಮನ್‌ವೆಲ್ತ್ ನಮ್ಮ ಅಹಮದಾಬಾದ್‌ನಲ್ಲಿ. ಆಗ ನಿನಗೆ ಎಷ್ಟು ವರ್ಷ ಅಂತ ಲೆಕ್ಕ ಹಾಕಿ ನನಗೆ ಬರೆ.

(ಪ್ರಶ್ನೆ ಕಳಿಸುವವರು ಊರು, ಆಟ, ವಯಸ್ಸು ಬರೆಯಿರಿ. ಹೆಸರು ಬೇಡವಾದರೆ ಬಿಡಿ. ವಯಸ್ಸು ಮಾತ್ರ ನಿಜವಾದದ್ದೇ ಇರಲಿ. — ಪೀಟಿ ಮೇಡಂ)