ವಾಸನೆಯಿಲ್ಲದ ದ್ರಾವಣ ಕೂದಲಿಗೆ ಸೌಮ್ಯವೇ?

ಪ್ರಶ್ನೆ: ನನ್ನದು ನೇರ ಕೂದಲು. ಕರ್ಲಿಂಗ್ ಐರನ್‌ನಿಂದ ಮಾಡಿಕೊಂಡ ಗುಂಗುರು ನಮ್ಮ ಮಳೆಗಾಲದಲ್ಲಿ ಸ್ವಲ್ಪ ಹೊತ್ತೂ ನಿಲ್ಲುವುದಿಲ್ಲ. ಮಡಿಕೇರಿಯ ಪಾರ್ಲರೊಂದರಲ್ಲಿ ಪರ್ಮಿಂಗ್ ಮಾಡಿಸಿಕೊಳ್ಳಲು ಹೇಳುತ್ತಾರೆ. ಅಮೋನಿಯಾ ಇಲ್ಲದ ದ್ರಾವಣವಾದ್ದರಿಂದ ಹಾನಿಯೇ ಇಲ್ಲವಂತೆ. ನಂಬಬಹುದೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಗುಂಗುರು ನಿಲ್ಲುತ್ತದೆ ಎಂಬುದು ನಿಜ; ಹಾನಿಯೇ ಇಲ್ಲವೆಂಬುದನ್ನು ದಯವಿಟ್ಟು ನಂಬಬೇಡಿ.

ಕೂದಲಿನ ಕೆರಾಟಿನ್ ಪ್ರೋಟೀನನ್ನು ಹಿಡಿದಿಟ್ಟಿರುವ ಬಂಧಗಳಲ್ಲಿ ಹೈಡ್ರೋಜನ್ ಬಂಧಗಳು ದುರ್ಬಲವಾದವು. ತೇವ ತಗುಲಿದರೆ ಬಿಡುತ್ತವೆ, ಒಣಗಿದರೆ ಮತ್ತೆ ಕೂಡುತ್ತವೆ. ಬಿಸಿಯ ಉಪಕರಣ ಮುಖ್ಯವಾಗಿ ಬದಲಿಸುವುದು ಇವುಗಳನ್ನೇ ಆದ್ದರಿಂದ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಗಾಳಿಯಲ್ಲಿ ತುಂಬಿರುವ ತೇವವೇ ಆ ಗುಂಗುರನ್ನು ಅಳಿಸಿಬಿಡುತ್ತದೆ. ಗಂಧಕದ ಎರಡು ಪರಮಾಣುಗಳ ನಡುವಿನ ಡೈಸಲ್ಫೈಡ್ ಬಂಧವನ್ನು ನೀರು ಬಿಡಿಸಲಾರದು. ಪರ್ಮಿಂಗ್‌ನಲ್ಲಿ ಕೂದಲನ್ನು ಸಣ್ಣ ಕೋಲುಗಳಿಗೆ ಸುತ್ತಿ, ಸಾಮಾನ್ಯವಾಗಿ ಥಯೋಗ್ಲೈಕೋಲಿಕ್ ಆಮ್ಲದ ಲವಣದಿಂದ ಈ ಬಂಧಗಳಲ್ಲಿ ಒಂದಷ್ಟನ್ನು ಮುರಿದು, ತೊಳೆದು, ಬಳಿಕ ತೆಳುವಾದ ಹೈಡ್ರೋಜನ್ ಪೆರಾಕ್ಸೈಡಿನಿಂದ ಹೊಸ ಜಾಗಗಳಲ್ಲಿ ಬೆಸೆಯುತ್ತಾರೆ. ಮುರಿದದ್ದೆಲ್ಲ ಮತ್ತೆ ಬೆಸೆಯುವುದಿಲ್ಲ. ಒಂದು ಪಾಲು ಸಿಸ್ಟಿಯಿಕ್ ಆಮ್ಲವಾಗಿ ಮಾರ್ಪಟ್ಟು ಶಾಶ್ವತವಾಗಿ ಕಳೆದುಹೋಗುತ್ತದೆ.

ಇನ್ನು ಅಮೋನಿಯಾದ ಮಾತು. ಬಂಧ ಮುರಿಯುವುದು ಆ ಲವಣದಲ್ಲಿರುವ ಥಯಾಲ್ ಎಂಬ ಗಂಧಕ-ಹೈಡ್ರೋಜನ್ ಗುಂಪು; ಪ್ರೋಟಾನು (ಹೈಡ್ರೋಜನ್ ಅಯಾನು) ಕಳಚಿದ ಥಯಾಲ್ ಮಾತ್ರ ಬಂಧವನ್ನು ಚುರುಕಾಗಿ ಮುರಿಯಬಲ್ಲದು, ಅದಕ್ಕೆ ಕ್ಷಾರ ಬೇಕು. ಹೀಗಾಗಿ ದ್ರಾವಣದ ಪಿಎಚ್ ಅನ್ನು (ಆಮ್ಲ-ಕ್ಷಾರಗಳ ಅಳತೆ; 7 ತಟಸ್ಥ, ಅದಕ್ಕಿಂತ ಮೇಲೆ ಕ್ಷಾರ) ಸುಮಾರು 9ಕ್ಕೆ ಏರಿಸಿರುತ್ತಾರೆ. ಅದೇ ಕ್ಷಾರ ಕೂದಲನ್ನು ಉಬ್ಬಿಸಿ ಹೊರಪದರದ ಹುರುಪೆಗಳನ್ನು ಎಬ್ಬಿಸುತ್ತದೆ. ಅಮೋನಿಯಾ ಬದಲು ಮಾನೋಎಥನಾಲಮೈನ್ ಎಂಬ ಇನ್ನೊಂದು ಕ್ಷಾರ ಹಾಕಿದರೆ ಘಾಟು ಹೋಗುತ್ತದೆ, ಪಿಎಚ್ ಹಾಗೆಯೇ ಉಳಿಯಬಹುದು. ಅಮೋನಿಯಾವಾದರೂ ಆವಿಯಾಗಿ ಹೋಗುತ್ತದೆ. ಇದು ಆವಿಯಾಗದೆ ಕೂದಲಲ್ಲೇ ಉಳಿಯುತ್ತದೆ. ಆದ್ದರಿಂದ ಇಲ್ಲಿ ಮೂಗಿನ ಸಾಕ್ಷಿ ನಡೆಯದು. ಪಾರ್ಲರಿನಲ್ಲಿ ಪಿಎಚ್ ಎಷ್ಟೆಂದು ಕೇಳಿ.

ತಟಸ್ಥಕ್ಕೆ ಹತ್ತಿರದ ಪಿಎಚ್‌ನಲ್ಲಿ ಕೆಲಸ ಮಾಡುವ ಗ್ಲಿಸರಿಲ್ ಮಾನೋಥಯೋಗ್ಲೈಕೊಲೇಟ್ ಎಂಬ ಇನ್ನೊಂದು ಪರ್ಮಿಂಗ್ ರಾಸಾಯನಿಕ ಕೂದಲನ್ನು ಕಡಿಮೆ ಉಬ್ಬಿಸುತ್ತದೆ. ಅದಕ್ಕೆ ಬಿಸಿ ಬೇಕು, ಸುರುಳಿ ಸಡಿಲವಾಗಿರುತ್ತದೆ. ಚರ್ಮದ ಅಲರ್ಜಿಗೂ, ವಿಶೇಷವಾಗಿ ಕೇಶ ವಿನ್ಯಾಸಕರ ಕೈಗಳಲ್ಲಿ, ಅದು ಕಾರಣವಾಗುತ್ತದೆ.

ಬ್ಲೀಚ್ ಮಾಡಿಸಿದ ಕೂದಲಾದರೆ ಈ ಯೋಚನೆಯನ್ನೇ ಬಿಡುವುದು ಒಳ್ಳೆಯದೆಂದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಅದರಲ್ಲಿ ಡೈಸಲ್ಫೈಡ್ ಬಂಧಗಳು ಆಗಲೇ ಕಡಿಮೆಯಾಗಿರುತ್ತವೆ. ಇಲ್ಲವಾದರೆ ಮೊದಲು ಹಿಂಬದಿಯ ಒಂದು ಎಸಳಿನ ಮೇಲೆ ಪರೀಕ್ಷಿಸಿ, ಸುರುಳಿ ಮೂಡಿದೊಡನೆ ದ್ರಾವಣವನ್ನು ಚೆನ್ನಾಗಿ ತೊಳೆಸಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ ಬುಡ ಮತ್ತೆ ನೇರವಾಗುತ್ತದೆ. ಆಗ ಹೊಸದಾಗಿ ಬೆಳೆದ ಭಾಗಕ್ಕಷ್ಟೇ ದ್ರಾವಣ ಹಚ್ಚುವಂತೆ ಹೇಳಿ.